ಅಂದಿನ ನೇರ ಮಾತು, ಇಂದಿನ ನಾಜೂಕು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬೆಂಗಳೂರಿನಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಮಾತಿನ ಕನ್ನಡ ಕಲಿಸುತ್ತೇನೆ. ಬರುವವರಲ್ಲಿ ಅರ್ಧ ಜನ ಹೊರಗಿನವರು. ಇನ್ನರ್ಧ ಕನ್ನಡದ ಮನೆಯಲ್ಲೇ ಹುಟ್ಟಿ, ಬೇರೆಲ್ಲೋ ಬೆಳೆದು, ಈಗ ಅಜ್ಜಿಯ ಜೊತೆ ಮಾತಾಡಲು ತಡವರಿಸುವವರು. ವ್ಯಾಕರಣಕ್ಕಿಂತ ಮರ್ಯಾದೆಯ ಪ್ರಶ್ನೆಗಳೇ ಜಾಸ್ತಿ ಬರುತ್ತವೆ. "ಹೀಗಂದರೆ ಬೇಜಾರಾಗ್ತಾರಾ?" "ಅವರು ಹಾಗಂದರಲ್ಲ, ಬೈದದ್ದಾ?" "ಮೊದಲೆಲ್ಲ ಜನ ಮುಖಕ್ಕೆ ಹೊಡೆದ ಹಾಗೆ ಮಾತಾಡುತ್ತಿದ್ದರಂತೆ, ಹೌದಾ?" ಹೇಳಿದ್ದನ್ನೇ ಹೇಳಿ ಬಾಯಿ ನೋಯಿತು. ಅದಕ್ಕೇ ಬರೆದಿಟ್ಟಿದ್ದೇನೆ.

ಹಿಂದಿನವರು ನಿಜವಾಗಿಯೂ ಅಷ್ಟು ಒರಟಾಗಿ ಮಾತಾಡುತ್ತಿದ್ದರಾ?

ಮಾತಾಡುತ್ತಿದ್ದರು. ಆದರೆ ಎಲ್ಲರೂ ಎಲ್ಲರ ಜೊತೆ ಅಲ್ಲ. ಈ ಒಂದು ವಿಷಯ ಹಿಡಿದುಕೊಂಡರೆ ಕೆಳಗಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಹಾಗೆ.

ನೇರ ಮಾತಿಗೆ ಹಕ್ಕು ಬೇಕಿತ್ತು. ಆ ಹಕ್ಕು ಎರಡು ದಾರಿಯಲ್ಲಿ ಬರುತ್ತಿತ್ತು. ಒಂದು ನಂಟು. ಸೋದರತ್ತೆ, ಅಜ್ಜಿ, ನಿಮಗೆ ಜ್ವರ ಬಂದಾಗ ರಾತ್ರಿಯಿಡೀ ಪಕ್ಕದಲ್ಲಿ ಕೂತ ಎದುರುಮನೆ ದೊಡ್ಡಮ್ಮ. ಇವರೆಲ್ಲ "ಏನೇ, ಹಂಚಿಕಡ್ಡಿ ಆಗಿದ್ದೀಯ, ಗಂಡನ ಮನೇಲಿ ಅನ್ನ ಹಾಕ್ತಾರೋ ಇಲ್ಲವೋ" ಅನ್ನಬಹುದಿತ್ತು. ಇನ್ನೊಂದು ಅಂತಸ್ತು. ಒಡೆಯ ಆಳಿಗೆ, ಅತ್ತೆ ಸೊಸೆಗೆ, ಮೇಷ್ಟ್ರು ಹುಡುಗರಿಗೆ ಏನು ಬೇಕಾದರೂ ಅನ್ನಬಹುದಿತ್ತು. ಆ ಮಾತನ್ನು ತಿರುಗಿಸಿ ಆಡುವ ಹಾಗಿರಲಿಲ್ಲ. ಆಳು ಒಡೆಯನಿಗೆ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ ಕತೆ ಎಷ್ಟು ಕೇಳಿದ್ದೀರಿ? "ಆಗಿನವರು ನೇರ" ಅನ್ನುವಾಗ ನಮಗೆ ನೆನಪಾಗುವುದು ಆಡಿದವರು. ಕೇಳಿಸಿಕೊಂಡು ತಲೆ ತಗ್ಗಿಸಿ ನಿಂತವರು ನೆನಪಾಗುವುದೇ ಇಲ್ಲ.

"ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ" ಅಂತ ಗಾದೆ ಇದೆ. ಇದ್ದದ್ದನ್ನು ಎಲ್ಲರೂ ಸಲೀಸಾಗಿ ಹೇಳುತ್ತಿದ್ದ ಊರಿನಲ್ಲಿ ಈ ಗಾದೆ ಹುಟ್ಟುತ್ತಿರಲಿಲ್ಲ, ಅಲ್ವಾ?

ಆಗಲೂ ನಯದ ಮಾತಿಗೆ ಬೆಲೆ ಇತ್ತು ಅನ್ನುವುದಕ್ಕೆ ಏನು ಆಧಾರ?

ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟ ಅನ್ನುವ ವೀರನ ಶಾಸನ ಇದೆ. ಕಾಲ ಸುಮಾರು ಕ್ರಿ.ಶ. 700. ಅದರಲ್ಲಿ ಅವನನ್ನು ಹೊಗಳುವ ತ್ರಿಪದಿ "ಸಾಧುಗೆ ಸಾಧು, ಮಾಧುರ್ಯಂಗೆ ಮಾಧುರ್ಯಂ" ಅಂತ ಶುರುವಾಗುತ್ತದೆ. ಒಳ್ಳೆಯವನಿಗೆ ಒಳ್ಳೆಯವನು, ಸಿಹಿಯಾಗಿದ್ದವನಿಗೆ ಸಿಹಿ. ಮರುಸಾಲಿನಲ್ಲೇ ಪೀಡಿಸಲು ಬಂದವನಿಗೆ ಬೇರೆ ಲೆಕ್ಕ: ಅವನ ಪಾಲಿಗೆ ಇವನು "ಕಲಿಯುಗ ವಿಪರೀತನ್", ಕಲಿಯುಗದಲ್ಲಿ ಇನ್ನೆಲ್ಲೂ ಕಾಣದಂಥವನು. ಸುಮಾರು 1,300 ವರ್ಷದ ಹಿಂದೆ ಒಬ್ಬನನ್ನು ಹೊಗಳುವಾಗ "ಇವನು ಎಲ್ಲರಿಗೂ ಸಿಹಿ" ಅನ್ನಲಿಲ್ಲ ನೋಡಿ. ಎದುರಿಗೆ ಯಾರಿದ್ದಾರೆ ಅಂತ ನೋಡಿ ನಡೆದುಕೊಳ್ಳುವವನು ಅಂದರು.

ಇನ್ನೊಂದು, 12ನೇ ಶತಮಾನದ್ದು. ಬಸವಣ್ಣನವರ ಒಂದು ವಚನ ಮನೆಗೆ ಬಂದವರನ್ನು ಮಾತಾಡಿಸುವುದರ ಬಗ್ಗೆಯೇ ಇದೆ. ಏನು ಬಂದಿರಿ, ಚೆನ್ನಾಗಿದ್ದೀರಾ ಅಂದರೆ ನಿಮ್ಮ ಸಿರಿ ಹಾರಿಹೋಗುತ್ತದಾ? ಕೂತುಕೊಳ್ಳಿ ಅಂದರೆ ನೆಲ ಕುಳಿ ಬೀಳುತ್ತದಾ? ಹೀಗೆ ಚುಚ್ಚಿ ಚುಚ್ಚಿ ಕೇಳುತ್ತಾ ಹೋಗುತ್ತಾರೆ. ಕೊನೆಗೆ, ಇಷ್ಟೂ ಗುಣ ಇಲ್ಲದವನನ್ನು ದೇವರು ಕೆಡವಿ ಮೂಗು ಕೊಯ್ಯದೆ ಬಿಡುವುದಿಲ್ಲ ಅನ್ನುತ್ತಾರೆ. ನಯ ಕಲಿಸುವ ಪಾಠ, ಕಲಿಸುವ ರೀತಿ ಮಾತ್ರ ಎಷ್ಟು ಖಡಕ್! ಒರಟು ಮಾತು, ನಯದ ಮಾತು ಎರಡೂ ಒಂದೇ ಬಾಯಲ್ಲಿ ಇರಬಹುದು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಗೊತ್ತಿಲ್ಲ.

"ನೀನು", "ನೀವು" ಯಾರಿಗೆ ಹೇಗೆ? ಒಂದು ನಿಯಮ ಹೇಳಿ.

ಪ್ರತಿ ತಂಡದಲ್ಲೂ ಇದೇ ಮೊದಲ ಪ್ರಶ್ನೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಗೊತ್ತಿಲ್ಲದ ಯಾರಿಗಾದರೂ "ನೀವು". ಆಟೋದವರು, ತರಕಾರಿ ಮಾರುವವರು, ಲಿಫ್ಟ್ ನೋಡಿಕೊಳ್ಳುವವರು ಎಲ್ಲರಿಗೂ. ಕಲಿಯುವವರು ತಪ್ಪಿ ಮಗುವಿಗೆ "ನೀವು" ಅಂದರೆ ಜನ ನಗುತ್ತಾರೆ, ಅಷ್ಟೇ. ದೊಡ್ಡವರಿಗೆ "ನೀನು" ಅಂದರೆ ಮುಖ ಗಂಟಿಕ್ಕುತ್ತಾರೆ.

ಆದರೆ ಮನೆಯೊಳಗೆ ಈ ನಿಯಮ ನಡೆಯುವುದಿಲ್ಲ. ಅಮ್ಮನಿಗೆ "ನೀನು". ಬಹಳ ಮನೆಗಳಲ್ಲಿ ಅಪ್ಪನಿಗೆ "ನೀವು". ಅಮ್ಮ ಬಂದಳು, ಅಪ್ಪ ಬಂದರು. ಯಾರನ್ನು ಜಾಸ್ತಿ ಪ್ರೀತಿಸುತ್ತೀರಿ ಅಂತ ಕೇಳಿದರೆ ಉತ್ತರ ಗೊತ್ತಿದೆ. ದೇವರಿಗೂ "ನೀನೇ". ಬೆಟ್ಟ ಹತ್ತಿ, ಮುಡಿ ಕೊಟ್ಟು, "ತಾವು ನನ್ನನ್ನು ಕಾಪಾಡಿ" ಅಂತ ಬೇಡಿದವರನ್ನು ನಾನು ನೋಡಿಲ್ಲ. ತಹಶೀಲ್ದಾರರಿಗೆ "ತಾವು", ತಿಮ್ಮಪ್ಪನಿಗೆ "ನೀನು".

ಅಂದರೆ "ನೀನು" ಅನ್ನುವುದು ಒಂದು ಪದ ಅಲ್ಲ, ಎರಡು. ಒಂದು ಹತ್ತಿರದ "ನೀನು". ಇನ್ನೊಂದು ಕೆಳಗೆ ನೋಡುವ "ನೀನು". ಕಿವಿಗೆ ಎರಡೂ ಒಂದೇ ಥರ ಕೇಳಿಸುತ್ತವೆ. ಒಂದು ತಬ್ಬುತ್ತದೆ, ಇನ್ನೊಂದು ತಳ್ಳುತ್ತದೆ.

ಗಂಡ ಹೆಂಡತಿಯ ವಿಷಯದಲ್ಲಿ ಈ ಐವತ್ತು ವರ್ಷಗಳಲ್ಲಿ ಆದ ಬದಲಾವಣೆ ದೊಡ್ಡದು. ನಮ್ಮ ಅಜ್ಜಿ ಅಜ್ಜನ ಹೆಸರು ಹೇಳುತ್ತಿರಲಿಲ್ಲ. "ರೀ", "ಇವರು", "ನಮ್ಮ ಮನೆಯವರು". ಉತ್ತರ ಕರ್ನಾಟಕದ ಕಡೆ ಮದುವೆ, ಸೀಮಂತಗಳಲ್ಲಿ ಒಡಪು ಹೇಳಿಸುತ್ತಾರೆ. ಹೆಂಡತಿ ಗಂಡನ ಹೆಸರನ್ನು ಪ್ರಾಸದ ಸಾಲಿನಲ್ಲಿ ಅಡಗಿಸಿ, ನಾಚುತ್ತಾ ಹೇಳಬೇಕು. ದಿನಾ ಹೇಳುವ ಹಾಗಿಲ್ಲದ ಹೆಸರು, ಅದಕ್ಕೇ ಆ ದಿನ ಅಷ್ಟು ಸಡಗರ. ಈಗಿನ ಹುಡುಗಿಯರು ಗಂಡನಿಗೆ "ಲೋ, ಬಾರೋ ಇಲ್ಲಿ" ಅನ್ನುತ್ತಾರೆ. ಹಿರಿಯರಿಗೆ ಇದು ಒರಟು. ನನಗೆ ಹಾಗನ್ನಿಸುವುದಿಲ್ಲ. ಇಬ್ಬರೂ ಒಬ್ಬರಿಗೊಬ್ಬರು "ನೀನು" ಅಂದರೆ ಲೆಕ್ಕ ಸರಿಹೋಯಿತು.

ಹಳೆಯ ನೇರ ಮಾತಿನಲ್ಲಿ ಜಾತಿಯ ಪಾತ್ರ ಎಷ್ಟು?

ಬಹಳ. ಇದನ್ನು ಬಿಟ್ಟು "ಆಗಿನ ಕಾಲದ ಮುಗ್ಧ ಒರಟುತನ" ಅಂತ ಬರೆಯುವುದು ಸುಳ್ಳು.

ಊರಿನಲ್ಲಿ ಎಂಟು ವರ್ಷದ ಗೌಡರ ಹುಡುಗ ಅರವತ್ತು ವರ್ಷದ ದಲಿತ ಹಿರಿಯನನ್ನು "ಬಾರೋ" ಅಂತ ಕರೆಯುತ್ತಿದ್ದ. ಆ ಹಿರಿಯ "ಬಂದೆ ಬುದ್ಧಿ" ಅನ್ನುತ್ತಿದ್ದ. ಹೆಸರಿಗೂ ಕತ್ತರಿ ಬೀಳುತ್ತಿತ್ತು. ಹೆಸರು ಸಿದ್ದಯ್ಯ, ಕರೆಯುವುದು "ಸಿದ್ದಾ". ಹೆಸರು ಮಾರಪ್ಪ, ಕರೆಯುವುದು "ಮಾರಾ". ಕೊನೆಯ ಆ "ಅಯ್ಯ", "ಅಪ್ಪ" ಅನ್ನುವ ತುಂಡು ಇದೆಯಲ್ಲ, ಮರ್ಯಾದೆ ಇದ್ದದ್ದು ಅದರಲ್ಲೇ. ಅದನ್ನೇ ಕೊಯ್ದು ಇಟ್ಟುಕೊಳ್ಳುತ್ತಿದ್ದರು. ಎಷ್ಟೋ ಜಾತಿಗಳ ಹೆಸರೇ ಬೈಗುಳವಾಗಿತ್ತು. ಬೈಯುವವರಿಗೆ ತಾವು ಬೈಯುತ್ತಿದ್ದೇವೆ ಅನ್ನುವ ಅರಿವೂ ಇರಲಿಲ್ಲ.

1989ರಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಮೇಲಿನ ದೌರ್ಜನ್ಯ ತಡೆಯುವ ಕಾಯ್ದೆ ಬಂತು. ಜನರ ಎದುರು ಬೇಕೆಂದೇ ಅವಮಾನ ಮಾಡುವುದು ಅಪರಾಧವಾಯಿತು. 2015ರ ತಿದ್ದುಪಡಿ, ಜಾತಿ ಹೆಸರು ಹಿಡಿದು ಬೈಯುವುದನ್ನು ಬಿಡಿಸಿಯೇ ಹೇಳಿತು. "ಈಗ ಬಾಯಿ ಬಿಟ್ಟರೆ ಕೇಸು" ಅಂತ ಗೊಣಗುವವರು ಎಲ್ಲ ಊರಲ್ಲೂ ಇದ್ದಾರೆ. ಅವರು ಕಳೆದುಕೊಂಡದ್ದು ನೇರ ಮಾತನ್ನಲ್ಲ. ತಿರುಗಿ ಹೇಳಿಸಿಕೊಳ್ಳದೆ ಹೇಳುವ ಸವಲತ್ತನ್ನು.

ಪತ್ರಿಕೆ ಓದುವಾಗ ಒಂದು ಆಟ ಆಡಿ ನೋಡಿ. ಜೇಬುಗಳ್ಳ "ಪರಾರಿಯಾಗಿದ್ದಾನೆ". ಕೋಟಿಗಟ್ಟಲೆ ವಂಚಿಸಿದ ಆರೋಪ ಹೊತ್ತವರು "ತಲೆಮರೆಸಿಕೊಂಡಿದ್ದಾರೆ". ಇಬ್ಬರ ಮೇಲೂ ಇರುವುದು ಆರೋಪವೇ. ಕ್ರಿಯಾಪದ ಮಾತ್ರ ಆಗಲೇ ತೀರ್ಪು ಕೊಟ್ಟಿರುತ್ತದೆ.

ಥ್ಯಾಂಕ್ಸ್, ಸಾರಿ, ಪ್ಲೀಸ್‌ಗೆ ಕನ್ನಡದಲ್ಲಿ ಪದಗಳೇ ಇರಲಿಲ್ಲವಂತೆ. ಹಾಗಾದರೆ ನಾವು ಮರ್ಯಾದೆ ಇಲ್ಲದವರಾ?

ಪದ ಇರಲಿಲ್ಲ ಅಂದರೆ ಭಾವನೆ ಇರಲಿಲ್ಲ ಅಂತ ಅಲ್ಲ. "ಧನ್ಯವಾದ", "ದಯವಿಟ್ಟು", "ಕ್ಷಮಿಸಿ" ಇವೆಲ್ಲ ಇವೆ. ಆದರೆ ಅಕ್ಕ ಕಾಫಿ ತಂದುಕೊಟ್ಟಾಗ "ಧನ್ಯವಾದಗಳು ಅಕ್ಕ" ಅಂದು ನೋಡಿ. ಅವಳು ಹಣೆ ಮುಟ್ಟಿ ಜ್ವರ ಇದೆಯಾ ಅಂತ ನೋಡುತ್ತಾಳೆ. ಸಭೆಯ ಕೊನೆಯ ವಂದನಾರ್ಪಣೆಗೆ ಆ ಪದ ಸರಿ, ಅಡುಗೆಮನೆಗಲ್ಲ.

ಉಪಕಾರ ನೆನೆಯುವುದಕ್ಕೆ ನಮ್ಮಲ್ಲಿ ಹರಕೆಯ ಮಾತುಗಳಿದ್ದವು. "ನಿನ್ನ ಹೊಟ್ಟೆ ತಣ್ಣಗಿರಲಿ." "ದೇವರು ನಿನ್ನ ಚೆನ್ನಾಗಿಟ್ಟಿರಲಿ." ಕರಾವಳಿಯಲ್ಲಿ ಇವತ್ತಿಗೂ "ಉಪಕಾರ ಆಯ್ತು ಮಾರಾಯ್ರೆ" ಅನ್ನುತ್ತಾರೆ. ತಪ್ಪಿಗೆ "ತಪ್ಪಾಯ್ತು" ಸಾಕಿತ್ತು. ಕಾಲು ತಗುಲಿದರೆ ಬಾಯಿ ಬೇಕಾಗಿಯೇ ಇರಲಿಲ್ಲ. ಮುಟ್ಟಿ ಕಣ್ಣಿಗೊತ್ತಿಕೊಂಡರೆ ಮುಗಿಯಿತು. ಈಗಲೂ ಬಸ್ಸಿನಲ್ಲಿ ಪುಸ್ತಕದ ಚೀಲಕ್ಕೆ ಕಾಲು ತಗುಲಿದರೆ ಕೈ ತಾನಾಗಿ ಹೋಗುತ್ತದೆ.

ಪ್ಲೀಸ್ ಅನ್ನುವುದನ್ನು ನಾವು ಕ್ರಿಯಾಪದದೊಳಗೇ ಅಡಗಿಸಿದ್ದೇವೆ. ಕೊಡು, ಕೊಡಿ, ಕೊಡ್ತೀರಾ, ಸ್ವಲ್ಪ ಕೊಡ್ತೀರಾ. ಪ್ರತಿ ಹೆಜ್ಜೆಗೂ ದನಿ ಒಂದಿಷ್ಟು ಬಗ್ಗುತ್ತದೆ. ಈ "ಸ್ವಲ್ಪ" ಮಹಾ ಚಾಲಾಕಿ ಪದ. "ಸ್ವಲ್ಪ ಸರೀರಿ" ಅಂದವರು ಅರ್ಧ ಸೀಟು ಕೇಳುತ್ತಿರುತ್ತಾರೆ. "ಸ್ವಲ್ಪ ಬನ್ನಿ" ಅಂದರೆ ಪೂರ್ತಿಯೇ ಬರಬೇಕು. ಹಳೇ ಮೈಸೂರಿನ ಹಳ್ಳಿಗಳಲ್ಲಿ ಇದೇ ಕೆಲಸವನ್ನು "ಒಸಿ" ಮಾಡುತ್ತದೆ.

ಹಾಗಾಗಿ ಬೇರೆ ಭಾಷೆಯ ಕಿವಿಯಲ್ಲಿ ಕೇಳಿದರೆ ಕನ್ನಡ ಒರಟು ಅನ್ನಿಸಬಹುದು. ಪದಕ್ಕೆ ಪದ ಹುಡುಕಿದರೆ ಮರ್ಯಾದೆ ಸಿಗುವುದಿಲ್ಲ. ಅದು ಪ್ರತ್ಯಯದಲ್ಲಿ ಕೂತಿರುತ್ತದೆ.

ಮುಖಕ್ಕೆ "ಇಲ್ಲ" ಅನ್ನುವುದು ಹಳಬರಿಗೆ ಸುಲಭವಾಗಿತ್ತಾ?

ಇಲ್ಲ! ಇದೇ ನೋಡಿ ಮಜಾ. "ನೋಡೋಣ", "ಆಗಲಿ, ಹೇಳ್ತೀನಿ", "ಮನೇಲಿ ಕೇಳಿ ತಿಳಿಸ್ತೀವಿ" ಇವೆಲ್ಲ ಹಳೆಯ ಮಾತುಗಳೇ. ಹೆಣ್ಣು ನೋಡಿ ಹೋದ ಗಂಡಿನ ಕಡೆಯವರು "ಊರಿಗೆ ಹೋಗಿ ಕಾಗದ ಹಾಕ್ತೀವಿ" ಅಂದರೆ, ಕಾಗದ ಬರುವುದಿಲ್ಲ ಅಂತ ಹೆಣ್ಣಿನ ತಂದೆಗೆ ಅಲ್ಲೇ ಅರ್ಥವಾಗುತ್ತಿತ್ತು.

ನಮ್ಮ ಊರುಗಳಲ್ಲಿ ಒಂದು ಕಾಲಕ್ಕೆ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದರು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟಿದರೆ, ಅದನ್ನು ಓದಿ ವಾಪಸ್ ಹೋಗಲಿ ಅಂತ. ಮರುದಿನ ಬಂದರೂ ಅದೇ ಬರಹ. ಯೋಚಿಸಿ ನೋಡಿ. ಬಂದದ್ದು ದೆವ್ವ. ಅದಕ್ಕೂ "ಬರಬೇಡ, ಹೋಗು" ಅಂತ ಬರೆಯಲು ನಮ್ಮವರಿಗೆ ಮನಸ್ಸು ಬರಲಿಲ್ಲ.

ಅಷ್ಟು ನೇರ ಮಾತಾಡುವ ಅಜ್ಜಿ ಹಾವಿಗೆ "ಹುಳ" ಅನ್ನುತ್ತಿದ್ದದ್ದು ಯಾಕೆ?

ಮನುಷ್ಯರಿಗೆ ಹೆದರದ ಅಜ್ಜಿ ಮಾತಿಗೆ ಹೆದರುತ್ತಿದ್ದಳು. ಹೆಸರು ಹಿಡಿದರೆ ಬಂದೇಬಿಡುತ್ತದೆ ಅನ್ನುವ ಭಯ. ಹಾವು ಕಚ್ಚಿತು ಅನ್ನಬಾರದು, "ಹುಳ ಮುಟ್ಟಿತು". ದೀಪ ಆರಿಸು ಅನ್ನಬಾರದು, "ದೀಪ ದೊಡ್ಡದು ಮಾಡು". ಸಿಡುಬು ಎದ್ದರೆ "ಅಮ್ಮ ಬಂದಿದ್ದಾಳೆ". ತಿಂಗಳ ಮುಟ್ಟಿಗೆ "ಕಾಗೆ ಮುಟ್ಟಿದೆ". ಮನೆಯಿಂದ ಹೊರಡುವವರು "ಹೋಗ್ತೀನಿ" ಅನ್ನುವಂತಿಲ್ಲ. "ಹೋಗಿ ಬರ್ತೀನಿ" ಅನ್ನಬೇಕು. ಸುಮ್ನೆ "ಹೋಗ್ತೀನಿ" ಅಂದು ಚಪ್ಪಲಿ ಮೆಟ್ಟಿದವನನ್ನು ನಮ್ಮಜ್ಜಿ ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, ಸರಿಯಾಗಿ ಹೇಳಿಸಿ ಕಳಿಸುತ್ತಿದ್ದಳು. ಅದೇ ಬಾಯಲ್ಲಿ "ಮುಂಡೇದೇ" ಅಂತಲೂ ಬೈಯುತ್ತಿದ್ದಳು, ಅದು ಬೇರೆ.

ನಾವು ಈಗ ಹಾವಿಗೆ ಹಾವು ಅನ್ನುತ್ತೇವೆ. ನಮ್ಮ ಭಯ ಬೇರೆ ಕಡೆ ಹೋಗಿದೆ. ಕಕ್ಕಸು ಪಾಯಿಖಾನೆಯಾಯಿತು, ಪಾಯಿಖಾನೆ ಶೌಚಾಲಯವಾಯಿತು, ಶೌಚಾಲಯ ಬಾತ್‌ರೂಮ್ ಆಗಿ ಈಗ ವಾಶ್‌ರೂಮ್‌ಗೆ ಬಂದು ನಿಂತಿದೆ. ಜಾಗ ಅದೇ. ಬಸುರಿ ಗರ್ಭಿಣಿಯಾಗಿ ಈಗ ಪ್ರೆಗ್ನೆಂಟ್. "ಬಸುರಿ" ಎಂಥ ತುಂಬಿದ ಪದ! ಅದನ್ನು ಹೇಳಲು ನಾಚಿಕೆ ಯಾಕೋ ನನಗೆ ಇನ್ನೂ ಅರ್ಥವಾಗಿಲ್ಲ.

ಉತ್ತರ ಕರ್ನಾಟಕದವರು ಒರಟು, ಮೈಸೂರಿನವರು ನಯ. ಇದು ನಿಜವಾ?

ಧಾರವಾಡದ ಕಡೆ ಹೋಗಿ ಬಂದವರು ಹೀಗೆ ಹೇಳಲಾರರು. ಅಲ್ಲಿ ವಾಕ್ಯಕ್ಕೊಂದು "ರೀ". ಬರ್ರಿ, ಕುಂದರ್ರಿ, ಏನ್ರಿ, ಹೌದ್ರಿ. ಪುಟ್ಟ ಮಗುವನ್ನೂ "ಯಪ್ಪಾ", "ಯವ್ವಾ" ಅಂತ ಕರೆಯುತ್ತಾರೆ. ದನಿ ದೊಡ್ಡದು, ಅಷ್ಟೇ. ಮೈಸೂರಿನ ಕಿವಿಗೆ ದೊಡ್ಡ ದನಿಯೆಲ್ಲ ಜಗಳ. ಧಾರವಾಡದ ಕಿವಿಗೆ ಮೈಸೂರಿನ ಮೆತ್ತಗಿನ "ನೋಡೋಣ" ಮೋಸ. ಮಂಡ್ಯದ "ಏನ್ಲಾ" ಗೆಳೆತನದ ಗುರುತು. ಅದನ್ನೇ ಬೇರೆ ಊರಿನಲ್ಲಿ ಅಂದರೆ ಕಾಲರ್ ಹಿಡಿಯುತ್ತಾರೆ. ದಕ್ಷಿಣ ಕನ್ನಡದ ಹವ್ಯಕರ ಮಾತಿನಲ್ಲಿ ಹೆಂಗಸರನ್ನೂ "ಅದು", "ಬಂತು" ಅನ್ನುತ್ತಾರೆ. ಕೇಳಿದ ಹೊರಗಿನವರು ಬೆಚ್ಚುತ್ತಾರೆ, ಆ ಮನೆಯವರಿಗೆ ಅದು ಅವಮಾನವೇ ಅಲ್ಲ.

ಬೆಂಗಳೂರಿನಲ್ಲಿ ಇವರೆಲ್ಲ ಒಂದೇ ಲಿಫ್ಟಿನಲ್ಲಿ ಬಂದು ನಿಲ್ಲುತ್ತಾರೆ. ಅದಕ್ಕೇ ಎಲ್ಲರೂ "ಸರ್", "ಮೇಡಂ" ಹಿಡಿದುಕೊಂಡಿದ್ದಾರೆ. ಯಾರ ಊರಿನದೂ ಅಲ್ಲದ ಪದ, ಯಾರಿಗೂ ನೋವಿಲ್ಲ.

ಕೆಳಗಿನವರಿಗೆ ನೇರವಾಗಿ ಮಾತಾಡುವ ಅವಕಾಶವೇ ಇರಲಿಲ್ಲವಾ?

ಇತ್ತು. ದಿನ ಗೊತ್ತು ಮಾಡಿ ಕೊಟ್ಟಿದ್ದರು.

ದಕ್ಷಿಣ ಕೊಡಗಿನ ದೇವರಪುರದಲ್ಲಿ ಮೇ ತಿಂಗಳಿನಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಜೇನುಕುರುಬರು, ಎರವರು ಮತ್ತಿತರ ಕಾಡಿನ ಜನ ಸೇರುತ್ತಾರೆ. ಗಂಡಸರು ಹೆಂಗಸರ ಬಟ್ಟೆ ತೊಡುತ್ತಾರೆ. ಡಬ್ಬ, ಬುರುಡೆ ಬಡಿಯುತ್ತಾ, ಕುಣಿಯುತ್ತಾ, ಎದುರಿಗೆ ಸಿಕ್ಕವರನ್ನೆಲ್ಲ ಕೆಟ್ಟ ಕೆಟ್ಟ ಮಾತಿನಲ್ಲಿ ಬೈದು ಹಣ ಕೇಳುತ್ತಾರೆ. ವರ್ಷವಿಡೀ ಯಾರ ತೋಟದಲ್ಲಿ ತಲೆ ಬಗ್ಗಿಸಿ ದುಡಿದರೋ ಅವರಿಗೂ ಅವತ್ತು ಬೈಗುಳ ತಪ್ಪುವುದಿಲ್ಲ. ದೇವರಿಗೂ ತಪ್ಪುವುದಿಲ್ಲ. ಬೇಟೆಗೆ ಅಂತ ಕರೆದುಕೊಂಡು ಹೋದ ದೇವರು ನಡುದಾರಿಯಲ್ಲಿ ತಮ್ಮನ್ನು ಬಿಟ್ಟು ಭದ್ರಕಾಳಿಯ ಹಿಂದೆ ಹೊರಟುಹೋದ ಅನ್ನುವುದು ಅವರ ಕತೆ. ಅದಕ್ಕೆ ಈ ಬೈಗುಳ. ಸಂಜೆ ದೇವರ ಮುಂದೆ ಹರಕೆ ಒಪ್ಪಿಸಿ ಮುಗಿಸುತ್ತಾರೆ. ಬೈಸಿಕೊಂಡವರು ಕೋಪ ಮಾಡಿಕೊಳ್ಳುವ ಹಾಗಿಲ್ಲ.

ಹೋಳಿ ಹುಣ್ಣಿಮೆಯಲ್ಲಿ ಬಾಯಿ ಬಡಿದುಕೊಂಡು ಕೂಗುವುದೂ ಇದೇ ಜಾತಿಯದು. ಹೆಂಗಸರಿಗೆ ಮದುವೆ ಮನೆಯ ಬೀಗರ ಹಾಡು ಇತ್ತು. ಬೀಗಿತ್ತಿಯ ಮೂಗು, ಹೊಟ್ಟೆ, ಜಿಪುಣತನ ಎಲ್ಲವನ್ನೂ ರಾಗ ಹಾಕಿ ಜರೆಯುತ್ತಿದ್ದರು. ಎದುರು ಪಾರ್ಟಿಯೂ ಹಾಡಿನಲ್ಲೇ ತಿರುಗಿಸಿ ಕೊಡುತ್ತಿತ್ತು. ಊಟದ ಹೊತ್ತಿಗೆ ಎಲ್ಲ ಸರಿ. ಈಗ ಮದುವೆ ಮನೆಯಲ್ಲಿ ಡಿಜೆ ಇದೆ. ಬೀಗರು ಒಬ್ಬರಿಗೊಬ್ಬರು ಕೈಮುಗಿದು ನಗುತ್ತಾರೆ. ಆಡಬೇಕಾದದ್ದನ್ನು ಕಾರು ಹತ್ತಿದ ಮೇಲೆ ಆಡುತ್ತಾರೆ.

ದೊಡ್ಡ ಹುದ್ದೆಯಲ್ಲಿದ್ದವರು ನೇರವಾಗಿ ಮಾತಾಡಿದರೆ ಏನಾಗುತ್ತಿತ್ತು?

ಯಾರು ಆಡಿದರು ಅನ್ನುವುದರ ಮೇಲೆ. 1973ರ ನವೆಂಬರ್‌ನಲ್ಲಿ ಮೈಸೂರಿನ ಒಂದು ಸಭೆಯಲ್ಲಿ, ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅನ್ನುವ ಅರ್ಥದ ಮಾತಾಡಿದರು. ಬೂಸಾ ಅಂದರೆ ದನಕ್ಕೆ ಹಾಕುವ ಹೊಟ್ಟು. ತಲೆಯ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಹೊರಟ ದಲಿತ ನಾಯಕ ಅವರು. ರಾಜ್ಯದಲ್ಲಿ ದೊಡ್ಡ ಗಲಾಟೆಯಾಯಿತು. ಕಾಲೇಜುಗಳಲ್ಲಿ ಹೊಡೆದಾಟ. ಅವರು ಮಂತ್ರಿ ಸ್ಥಾನ ಬಿಡಬೇಕಾಯಿತು. ದಲಿತ ಸಂಘರ್ಷ ಸಮಿತಿ ಹುಟ್ಟುವುದಕ್ಕೆ ಆ ಗಲಾಟೆಯೂ ಒಂದು ಕಾರಣ.

ಅವರ ಮಾತು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಅದಕ್ಕಿಂತ ಖಾರವಾಗಿ ಕನ್ನಡ ಸಾಹಿತ್ಯವನ್ನು ಜರೆದ ಸಾಹಿತಿಗಳೇ ಇದ್ದರು. ಅವರಿಗೆ "ನಿಷ್ಠುರ ವಿಮರ್ಶಕ" ಅನ್ನುವ ಹೆಸರು ಬಂತು. ಇವರಿಗೆ ರಾಜೀನಾಮೆ.

ಕುಂಟ, ಕುರುಡ, ಕಿವುಡ ಅನ್ನುವುದನ್ನು ಬಿಟ್ಟು ವಿಕಲಚೇತನ ಅನ್ನಬೇಕಂತೆ. ಇದು ಬರೀ ಮಾತಿನ ಬಣ್ಣ ಅಲ್ಲವಾ?

ಸ್ವಲ್ಪ ಮಟ್ಟಿಗೆ ಹೌದು. ಅಂಗವಿಕಲ, ವಿಕಲಚೇತನ, ವಿಶೇಷ ಚೇತನ, ದಿವ್ಯಾಂಗ. ಪದ ಬದಲಾಗುತ್ತಾ ಹೋಯಿತು. ಬಸ್ಸಿನ ಮೆಟ್ಟಿಲಿನ ಎತ್ತರ ಮಾತ್ರ ಬಹಳ ಕಡೆ ಹಾಗೇ ಇದೆ. ಇಳಿಜಾರು ಕಟ್ಟದೆ ಬರೀ ಒಳ್ಳೆಯ ಹೆಸರು ಕೊಟ್ಟರೆ ಅದು ಬಣ್ಣವೇ.

ಆದರೂ ಹಳೆಯ ಪದಗಳ ಪರ ವಾದಿಸಲು ನನಗೆ ಬಾಯಿ ಬರುವುದಿಲ್ಲ. ನಮ್ಮೂರಿನಲ್ಲಿ ಪೋಲಿಯೋ ಆಗಿ ಕಾಲು ಸಣ್ಣದಾದ ಒಬ್ಬ ಟೈಲರ್ ಇದ್ದ. ಇಡೀ ಊರು ಅವನನ್ನು "ಕುಂಟ" ಅಂತಲೇ ಕರೆಯುತ್ತಿತ್ತು. ಯಾರಿಗೂ ದ್ವೇಷ ಇರಲಿಲ್ಲ. ನನ್ನ ಲಂಗ, ರವಿಕೆ ಎಲ್ಲ ಅವನೇ ಹೊಲಿದದ್ದು. ಅವನ ನಿಜವಾದ ಹೆಸರು ನನಗೆ ಗೊತ್ತಾದದ್ದು ಅವನು ತೀರಿಕೊಂಡ ದಿನ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬೇಕೆಂದೇ ಜನರ ಮುಂದೆ ಅವಮಾನ ಮಾಡುವುದಕ್ಕೆ ಶಿಕ್ಷೆ ಇಟ್ಟಿದೆ. ನಮ್ಮೂರಿನವರು ಬೇಕೆಂದು ಮಾಡಿದವರಲ್ಲ. ಅದಕ್ಕೆ ಯಾವ ಕಾಯ್ದೆಯೂ ಇಲ್ಲ.

ಸಾರ್ವಜನಿಕ ಫಲಕಗಳ ಭಾಷೆ ಮೊದಲಿಗಿಂತ ನಯವಾಗಿದೆಯಾ?

ದಾನ ಕೊಟ್ಟ ಹಳೆಯ ಶಾಸನಗಳ ಕೊನೆ ಓದಿ. ಈ ಧರ್ಮವನ್ನು ಕೆಡಿಸಿದವನು ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ. ರಾಜರ ಕಚೇರಿಯಿಂದ ಬಂದ ಅಧಿಕೃತ ಬರಹ ಇದು.

ಈಗ ಮೆಟ್ರೋದಲ್ಲಿ, ಬ್ಯಾಂಕಿನಲ್ಲಿ, ಫೋನಿನಲ್ಲಿ ಎಲ್ಲ ಕಡೆ "ದಯವಿಟ್ಟು". ಕರೆ ಹೋಗದಿದ್ದರೂ "ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ". ಸಾಲದ ಕಂತು ತಪ್ಪಿದರೂ "ಪ್ರಿಯ ಗ್ರಾಹಕರೇ". ಶಾಸನದ ದನಿ ಪೂರ್ತಿ ಸತ್ತಿಲ್ಲ ಅನ್ನುವುದಕ್ಕೆ ಖಾಲಿ ಸೈಟಿನ ಗೋಡೆ ನೋಡಿ: "ಇಲ್ಲಿ ಮೂತ್ರ ಮಾಡುವವನು ಕತ್ತೆ". ಗೋಡೆಯ ಮಾಲೀಕರಿಗೆ "ದಯವಿಟ್ಟು" ಮೇಲೆ ನಂಬಿಕೆ ಹೋಗಿರಬೇಕು.

ಕಚೇರಿಯಲ್ಲಿ ಎಲ್ಲರೂ ಇಷ್ಟು ನಯವಾಗಿ ಮಾತಾಡುತ್ತಾರೆ. ನನ್ನ ಕೆಲಸ ಚೆನ್ನಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ?

ನನ್ನ ಹತ್ತಿರ ಕಲಿತ ಒಬ್ಬ ಹುಡುಗನಿಗೆ ಅವನ ಮೇಲಧಿಕಾರಿ ವರ್ಷವಿಡೀ "ಗುಡ್, ಇನ್ನೂ ಒಂಚೂರು ಇಂಪ್ರೂವ್ ಮಾಡಬಹುದು" ಅನ್ನುತ್ತಿದ್ದರಂತೆ. ಅವನು "ಗುಡ್" ಮಾತ್ರ ಕೇಳಿಸಿಕೊಂಡ. ವರ್ಷದ ಕೊನೆಗೆ ಕೆಲಸ ಹೋಯಿತು. ಕಾಗದ ಕೊಡುವಾಗಲೂ ಬಹಳ ವಿನಯ. ಕಾಫಿ ಕೂಡ ತರಿಸಿದ್ದರಂತೆ.

"ಬೈದು ಹೇಳುವವರು ಬದುಕಲಿಕ್ಕೆ ಹೇಳ್ತಾರೆ, ನಗ್ತಾ ಹೇಳುವವರು ಕೆಡಲಿಕ್ಕೆ ಹೇಳ್ತಾರೆ" ಅಂತ ಹಿರಿಯರು ಅನ್ನುವುದು ಇದಕ್ಕೇ. ಆದರೆ ಬೈದವರೆಲ್ಲ ನಮ್ಮ ಒಳ್ಳೆಯದಕ್ಕೇ ಬೈದರು ಅಂತಲೂ ಇಲ್ಲ. ನನಗೆ ಕಂಡ ಉಪಾಯ ಒಂದೇ. ಕಚೇರಿಯಲ್ಲಿ ನಿಮ್ಮನ್ನು "ನೀನು" ಅನ್ನುವಷ್ಟು ಹತ್ತಿರದ ಒಬ್ಬರನ್ನು ಇಟ್ಟುಕೊಳ್ಳಿ. ಅವರನ್ನು ಊಟದ ಹೊತ್ತಿನಲ್ಲಿ ಕೇಳಿ.

ನೆಂಟರು "ದಪ್ಪ ಆಗಿದ್ದೀಯ", "ಸಂಬಳ ಎಷ್ಟು", "ಇನ್ನೂ ಮಕ್ಕಳಾಗಿಲ್ವಾ" ಅಂತ ಕೇಳುತ್ತಾರೆ. ಏನು ಹೇಳಲಿ?

ಮೂರನ್ನೂ ಒಂದೇ ಗಂಟಿಗೆ ಕಟ್ಟಬೇಡಿ. "ದಪ್ಪ ಆಗಿದ್ದೀಯ" ಅನ್ನುವುದು ಬಹಳ ಸಲ "ಊಟ ಆಯ್ತಾ" ಅಂದ ಹಾಗೆ. ಉತ್ತರ ಬೇಕಿಲ್ಲ, ನಿನ್ನನ್ನು ಕಣ್ಣಿಟ್ಟು ನೋಡಿದೆ ಅಂತ ಹೇಳುವ ರೀತಿ. "ನಿಮ್ಮ ಕೈ ಊಟ ಅತ್ತೆ" ಅಂದರೆ ಮುಗಿಯಿತು. ಸಂಬಳಕ್ಕೆ "ಸಾಲೋದಿಲ್ಲ" ಅನ್ನಿ. ಎಷ್ಟಿದ್ದರೂ ಅದು ನಿಜವೇ.

ಮಕ್ಕಳ ಪ್ರಶ್ನೆ ಹಾಗಲ್ಲ. ಅದು ಚುಚ್ಚುತ್ತದೆ. ಹಿಂದೆಯೂ ಚುಚ್ಚುತ್ತಿತ್ತು. ಆಗ ಹೆಣ್ಣುಮಕ್ಕಳು ಹಿತ್ತಲಿಗೆ ಹೋಗಿ ಅತ್ತು ಬರುತ್ತಿದ್ದರು. ನೀವು "ಆ ವಿಷಯ ಬೇಡ ಅತ್ತೆ" ಅಂತ ಮೆಲ್ಲಗೆ, ಒಂದೇ ಸಲ ಹೇಳಿ. ಅತ್ತೆಗೆ ಸಿಟ್ಟು ಬರುತ್ತದೆ. ಬರಲಿ.

ಹೊರದೇಶದಲ್ಲಿ ಬೆಳೆದ ನನ್ನ ಮಗಳು ತಾತನಿಗೆ "ನೀನು" ಅನ್ನುತ್ತಾಳೆ. ತಿದ್ದಬೇಕಾ?

ಇದನ್ನು ಕೇಳಿದವರು ಒಬ್ಬ ತಂದೆ. ಮಗಳಿಗೆ ಏಳು ವರ್ಷ. ರಜೆಗೆ ಊರಿಗೆ ಬಂದಾಗ "ತಾತ, ನೀನು ಇಲ್ಲಿ ಕೂತ್ಕೋ, ನಾನು ನಿಂಗೆ ಓದಿ ಹೇಳ್ತೀನಿ" ಅಂದಳಂತೆ. ಮನೆಯವರೆಲ್ಲ ಗಾಬರಿ. ತಾತ ರಿಟೈರಾದ ಹೆಡ್‌ಮಾಸ್ಟರು. ಸ್ವಂತ ಮಕ್ಕಳೇ ಅವರ ಮುಂದೆ ಕೂತು ಮಾತಾಡಿದವರಲ್ಲ. ಇವರು ಮಗಳಿಗೆ "ನೀವು ಅನ್ನು" ಅಂತ ಗದರಿದರಂತೆ. ಹೆಡ್‌ಮಾಸ್ಟರು ಕನ್ನಡಕ ಸರಿ ಮಾಡಿಕೊಂಡು, ಮಗನ ಕಡೆ ತಿರುಗಿ, "ನೀನು ಸುಮ್ನಿರಯ್ಯ" ಅಂದು ಮೊಮ್ಮಗಳ ಪಕ್ಕ ಹೋಗಿ ಕೂತರಂತೆ.